ಟ್ರಿಂಡರ್ ಅವರ ಹೊಸ ನಾಲಿಗೆ

ಎಪ್ಪತ್ತು ದಾಟಿದ ಮೇಲೆ ಮನುಷ್ಯನಿಗೆ ಹೊಸ ಹಲ್ಲು ಬರಬಹುದು, ಕಟ್ಟಿಸಿಕೊಂಡರೆ. ಹೊಸ ಮಂಡಿಚಿಪ್ಪು ಬರಬಹುದು, ಆಸ್ಪತ್ರೆಯ ಸರದಿ ಬರುವ ತನಕ ಜೀವ ಹಿಡಿದುಕೊಂಡಿದ್ದರೆ. ಆದರೆ ಹೊಸ ನಾಲಿಗೆ ಮಾತ್ರ ಬರಬಾರದು. ಬಂದರೆ ಏನಾಗುತ್ತದೆ ಎನ್ನುವುದಕ್ಕೆ ದಕ್ಷಿಣ ಲಂಡನ್ನಿನ ಮಾಲೋ ಕೋರ್ಟ್ ಎಂಬ, ನಗರಸಭೆಯ ಕೌನ್ಸಿಲ್ ಅಗ್ಗದ ಬಾಡಿಗೆಗೆ ಕೊಡುವ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದ ಮಾರಿಸ್ ಟ್ರಿಂಡರ್ ಅವರೇ ಸಾಕ್ಷಿ.

ಟ್ರಿಂಡರ್ ರೈಲ್ವೆಯ ಟಿಕೆಟ್ ಕಿಟಕಿಯ ಹಿಂದೆ ಕೂತು ಆಯುಷ್ಯ ಕಳೆದವರು. ಹುಟ್ಟಿದ್ದು ಹಡಗುಕಟ್ಟೆಯ ಕೂಲಿಗಳ ಕೇರಿಯಲ್ಲಿ. ಆ ಕೇರಿಯ ಮಾತನ್ನು ಅವರ ಹೆಂಡತಿ ಬೆರಿಲ್ ಮದುವೆಯಾದ ವರ್ಷವೇ ಉಜ್ಜಿ ತೊಳೆದು ಹಾಕಿದ್ದರು. ಬೆರಿಲ್‌ಗೆ ಎರಡು ದನಿಗಳಿದ್ದವು, ಒಂದು ಅಡುಗೆಮನೆಯದು, ಇನ್ನೊಂದು ಫೋನಿನದು. ಫೋನು ಬಡಿದುಕೊಂಡರೆ ಸಾಕು, ಗಂಡನಿಗೆ ಬೈಯುತ್ತಿದ್ದ ಬಾಯಲ್ಲೇ ಅರಮನೆಯ ಚಿಕ್ಕಮ್ಮ ಬಂದು ಕೂರುತ್ತಿದ್ದಳು. ಆ ಫೋನಿನ ದನಿಯನ್ನು ಗಂಡನಿಗೂ ಕಲಿಸಿ, ಮಗಳು ಹಿಲರಿಗೆ ಹಾಲಿನಲ್ಲೇ ಕಲಸಿ ಕುಡಿಸಿ, ಮನೆತನವನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿ, ಮಾರ್ಚ್ ತಿಂಗಳಲ್ಲಿ ಆಕೆ ತೀರಿಕೊಂಡರು.

ಮಣ್ಣಿಗೆ ಬಂದವರೆಲ್ಲ ಸ್ಯಾಂಡ್‌ವಿಚ್ ತಿಂದು, ಟ್ರಿಂಡರ್ ಅವರ ಕೈ ಹಿಡಿದು, "ಏನಾದ್ರೂ ಬೇಕಿದ್ರೆ ಹೇಳಿ, ಮಾರಿಸ್" ಎಂದು ಹೇಳಿ ಹೋದರು. ಈ ಮಾತಿನ ಅರ್ಥ ಅಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಗೊತ್ತು: ದಯವಿಟ್ಟು ಏನೂ ಹೇಳಬೇಡಿ. ಟ್ರಿಂಡರ್ ಯಾರಿಗೂ ಏನೂ ಹೇಳಲಿಲ್ಲ. ಹಿಲರಿ ಮಾತ್ರ ತಟ್ಟೆ ತೊಳೆಯುತ್ತಾ, ತನ್ನೂರು ಗಿಲ್ಡ್‌ಫರ್ಡಿನ ಹತ್ತಿರ 'ಲಾರೆಲ್ಸ್' ಎಂಬ ವೃದ್ಧರ ಹೋಮ್ ಇದೆ, ತೋಟ ತುಂಬ ಚೆನ್ನಾಗಿದೆ ಎಂದು ಮಾತು ತೆಗೆದಳು.

"ಹಿಲರಿ, ಈ ಮನೇಲಿ ನಿಮ್ಮಮ್ಮ ಮೂವತ್ತೊಂಬತ್ತು ವರ್ಷ ಪರದೆ ಬದಲಾಯಿಸಿದಾಳೆ. ನಾನು ಇಲ್ಲಿಂದ ಹೋದ್ರೆ ಹೆಣವಾಗೇ ಹೋಗೋದು" ಎಂದರು ಟ್ರಿಂಡರ್. ಕೌನ್ಸಿಲ್ ಮನೆಯನ್ನು ಒಮ್ಮೆ ಬಿಟ್ಟರೆ ಮತ್ತೆ ಸಿಕ್ಕುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಮಾತು ಅಲ್ಲಿಗೆ ನಿಂತಿತು.

ಅಲ್ಲಿಗೆ ಎಲ್ಲ ಮಾತೂ ನಿಂತಿತು. ಏಪ್ರಿಲ್ ಹೋಯಿತು, ಮೇ ಹೋಯಿತು. ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದ ಹೆಂಗಸಿನ ಜಾಗಕ್ಕೆ ಯಂತ್ರ ಬಂದಿತ್ತು. ಅದು "ಸಾಮಾನನ್ನು ಚೀಲದಲ್ಲಿ ಇಡಿ" ಎಂದು ಹೇಳುತ್ತಿತ್ತು. ಟ್ರಿಂಡರ್ ಅದಕ್ಕೆ "ಖಂಡಿತ, ಧನ್ಯವಾದ" ಎನ್ನುತ್ತಿದ್ದರು. ಎದುರು ಮನೆಯ ಮಿಸೆಸ್ ಗ್ಯಾಸ್ಕಿನ್ ಮೋಡ ಕವಿದಾಗ ಮೋಡದ ಬಗ್ಗೆ, ಬಿಸಿಲು ಬಂದಾಗ ಬಿಸಿಲಿನ ಬಗ್ಗೆ ಒಂದೊಂದು ಮಾತು ಆಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಿಲರಿ ಭಾನುವಾರ ಫೋನ್ ಮಾಡಿ "ಚೆನ್ನಾಗಿದೀರಾ?" ಎಂದರೆ "ಚೆನ್ನಾಗಿದೀನಿ" ಎನ್ನಬೇಕು, ಅಷ್ಟೇ ಪಾಠ. ಉಳಿದಂತೆ ಮನೆಯಲ್ಲಿ ಫ್ರಿಜ್ಜು ಒಂದು ಗುನುಗುತ್ತಿತ್ತು.

ಕೇಡುಗಾಲ ಲಿಫ್ಟಿನಲ್ಲಿ ಬಂತು. ಜೂನ್ ತಿಂಗಳ ಒಂದು ಮಧ್ಯಾಹ್ನ ಅದು ಎರಡನೆಯ ಮಹಡಿಗೂ ಮೂರನೆಯದಕ್ಕೂ ನಡುವೆ ಗಕ್ಕನೆ ನಿಂತಿತು. ಒಳಗೆ ಟ್ರಿಂಡರ್, ಕೋಳಿ ಅಂಗಡಿಯಲ್ಲಿ ಕೆಲಸ ಮಾಡುವ ಕೆಜಿಯಾ, ಅವಳ ಜೊತೆಯ ರೀಸ್ ಮತ್ತು ಒಂದು ಡಬ್ಬ ಕರಿದ ಕೋಳಿ. ಕೆಜಿಯಾಳ ತಾಯಿ ಘಾನಾದವರು. ಹುಡುಗಿ ಹುಟ್ಟಿದ್ದು ಆರನೆಯ ಮಹಡಿಯಲ್ಲೇ, ಹತ್ತೊಂಬತ್ತು ದಾಟಿತ್ತು. ಅವಳೂ ಅವಳ ಗುಂಪೂ ಸಂಜೆಯಾದರೆ ಕಸದ ಕೋಣೆಯ ಪಕ್ಕದ ಮೋಟುಗೋಡೆಯ ಮೇಲೆ ಕೂರುವವರು. ಮಾಲೋ ಕೋರ್ಟಿನ ಸಭ್ಯರೆಲ್ಲ ಅವರನ್ನು ಕಂಡರೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಳ್ಳುತ್ತಿದ್ದರು.

ಲಿಫ್ಟು ಅಲುಗಲಿಲ್ಲ. ಕೆಜಿಯಾ ಹಲ್ಲಿನ ಸಂದಿಯಿಂದ ಚ್ಚ್ ಎಂದು ಉದ್ದಕ್ಕೆ ಗಾಳಿ ಎಳೆದು, "ಡಬ್ಬಾ ಲಿಫ್ಟು, ಬ್ರವ್" ಎಂದಳು. ಬ್ರವ್ ಎಂದರೆ ಅಣ್ಣ, ತಮ್ಮ, ಗೆಳೆಯ, ದೇವರು, ಪೊಲೀಸ್, ಎಲ್ಲ.

ಟ್ರಿಂಡರ್ ಅವರ ಕಿಟಕಿ ಆ ಮೋಟುಗೋಡೆಯ ನೇರ ಮೇಲಿತ್ತು. ತಿಂಗಳುಗಟ್ಟಲೆ ಆ ಮಾತು ಕಿವಿಗೆ ಬಿದ್ದು ಬಿದ್ದು ಗಂಟಲಿಗೆ ಇಳಿದಿತ್ತೋ ಏನೋ. ಟಿಕೆಟ್ ಕಿಟಕಿಯ ಗಂಭೀರ ದನಿಯಲ್ಲಿ, "ಸತ್ಯ, ಬ್ರವ್. ಪಕ್ಕಾ ಡಬ್ಬಾ" ಎಂದುಬಿಟ್ಟರು.

ರೀಸ್ ನಗು ತಡೆಯಲಾರದೆ ಗೋಡೆಗೆ ಒರಗಿ ಜಾರಿ ಕೂತುಬಿಟ್ಟ. ಕೆಜಿಯಾಳ ಕಣ್ಣಲ್ಲಿ ನೀರು ಬಂತು. "ಅಂಕಲ್, ಇನ್ನೊಂದ್ ಸಲ ಹೇಳಿ, ಅಂಕಲ್" ಎಂದು ಅವಳು ಹೊಟ್ಟೆ ಹಿಡಿದುಕೊಂಡು ಕೇಳಿದಳು. ಟ್ರಿಂಡರ್ ಇನ್ನೊಂದು ಸಲ ಹೇಳಿದರು. ಅವರಿಗೆ ಕೋಳಿಯ ತೊಡೆ ಸಿಕ್ಕಿತು. ಲಿಫ್ಟು ರಿಪೇರಿಯವನು ಬಂದು ಬಾಗಿಲು ಮೀಟುವ ಹೊತ್ತಿಗೆ ಟ್ರಿಂಡರ್ ಅವರ ಗಲ್ಲಕ್ಕೆಲ್ಲ ಎಣ್ಣೆ ಮೆತ್ತಿಕೊಂಡಿತ್ತು, ಇಷ್ಟು ಬೇಗ ಯಾಕೆ ಬಂದೆ ಎಂಬಂತೆ ಅವನನ್ನು ನೋಡಿದರು.

ಆ ದಿನದಿಂದ ಅವರ ಮನೆಯಲ್ಲಿ ಕಸ ಹೆಚ್ಚಾಯಿತು. ಟೀ ಕುಡಿದರೆ ಆ ಒಂದು ಟೀ ಚೀಲವನ್ನು ಎಸೆಯಲು ಕೆಳಗಿಳಿದರು. ಮೊಟ್ಟೆ ಒಡೆದರೆ ಚಿಪ್ಪಿನ ಅರ್ಧ ಈಗ, ಅರ್ಧ ಆಮೇಲೆ. ಹೀಗೆ ಕಂತಿನ ಮೇಲೆ ಕಸ ಸಾಗಿಸುತ್ತಾ ಮೋಟುಗೋಡೆಯ ವಿದ್ಯಾಪೀಠಕ್ಕೆ ಅವರು ಭರ್ತಿಯಾದರು. ಊರಿಗೆ ಬಂದವಳು ನೀರಿಗೆ ಬಾರಳೇ ಎಂಬಂತೆ, ಕಸದ ಕೋಣೆಗೆ ಬಂದವರು ಗೋಡೆಯ ಮೇಲೆ ಕೂರಲೇಬೇಕಾಯಿತು.

ಪಾಠ ಮೂರು ಬಗೆಯದಾಗಿತ್ತು. ಮೊದಲನೆಯದು ನಾಲಿಗೆ: ಮಾತನ್ನು ಪೂರ್ತಿ ಆಡಬಾರದು, ಅರ್ಧ ನುಂಗಿ ಅರ್ಧ ಉಗುಳಬೇಕು. ಎರಡನೆಯದು ಹಲ್ಲು: ಯಾವುದು ಹಿಡಿಸದಿದ್ದರೂ ತುಟಿಯನ್ನು ಒಂದು ಪಕ್ಕಕ್ಕೆ ಎಳೆದು ಚ್ಚ್ ಎನ್ನಬೇಕು. ಟ್ರಿಂಡರ್ ಅವರ ಹಲ್ಲು ಕಟ್ಟಿಸಿದ್ದು. ಗಾಳಿ ಎಳೆದಾಗಲೆಲ್ಲ ಮೇಲಿನ ಸಾಲು ಕಳಚಿ ಕೆಳಗಿನ ಸಾಲಿನ ಮೇಲೆ ಕೂರುತ್ತಿತ್ತು, ಮುಖದ ಎಡಭಾಗ ಸ್ವಲ್ಪ ಹೊತ್ತು ಜೋತುಬೀಳುತ್ತಿತ್ತು. ಮೂರನೆಯದು ನಡಿಗೆ: ಒಂದು ಕಾಲು ನೇರ, ಇನ್ನೊಂದು ಕಾಲನ್ನು ಶೂ ಒಳಗೆ ಕಲ್ಲು ಸಿಕ್ಕಿದ ಹಾಗೆ ತಗ್ಗಿಸಿ ಎಳೆಯಬೇಕು, ಒಂದು ಕೈ ಜೋಲಾಡಬೇಕು.

"ಸಕತ್ ಅಂಕಲ್. ಆದ್ರೆ ಅಷ್ಟೊಂದ್ ಬಿಲ್ಡಪ್ ಬೇಡ, ಬಿದ್ಗಿದ್ದೀರಾ" ಎಂದ ರೀಸ್.

ಗುರುದಕ್ಷಿಣೆಯನ್ನು ಕೆಜಿಯಾ ತಾನಾಗಿಯೇ ಕೇಳಿದಳು. ಹಲ್ಲಿನ ಡಾಕ್ಟರ ಶಾಪಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಹೋದಲ್ಲೆಲ್ಲ ಬಾಯಿ ತೆರೆದ ತಕ್ಷಣ 'ತಿಳಿಸ್ತೀವಿ' ಎನ್ನುತ್ತಿದ್ದರು. "ಅಂಕಲ್, ನಿಮ್ ಹಳೇ ಗಂಟ್ಲು ನಿಮಗಿನ್ ಯಾಕೆ? ನಂಗ್ ಕೊಡಿ" ಎಂದಳು.

ಬೇಡವಾದದ್ದನ್ನು ಕೊಡುವುದಕ್ಕೆ ಏನು ಕಷ್ಟ? ಬೆರಿಲ್ ಕಲಿಸಿದ್ದ ಫೋನಿನ ದನಿಯನ್ನು, ಎಲ್ಲಿ ಉಸಿರು, ಎಲ್ಲಿ ನಗು, ಎಲ್ಲಿ 'ದಯವಿಟ್ಟು' ಎಂಬುದರ ಸಮೇತ, ಬೆರಿಲ್ ಹೇಳಿಕೊಟ್ಟ ಹಾಗೆಯೇ ಟ್ರಿಂಡರ್ ಹುಡುಗಿಗೆ ಹೇಳಿಕೊಟ್ಟರು. ಅವಳು ಬಲು ಚುರುಕು, ಆಗಸ್ಟ್ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಕೇಳಿದರೆ ಟ್ರಿಂಡರ್ ಅವರಿಗೇ ಎದೆ ಝಲ್ಲೆನ್ನುವಷ್ಟು ಕಲಿತಳು.

ಇತ್ತ ಗೋಡೆಯ ಶಿಷ್ಯ ಟ್ರಿಂಡರ್ ಅವರೂ ಕಡಿಮೆಯವರಲ್ಲ. ಒಂದು ಬೆಳಿಗ್ಗೆ ಮಿಸೆಸ್ ಗ್ಯಾಸ್ಕಿನ್ ಬಾಗಿಲು ತೆರೆದು, "ಗುಡ್ ಮಾರ್ನಿಂಗ್, ಮಿಸ್ಟರ್ ಟ್ರಿಂಡರ್. ಮೋಡ ಇದೆ ಅಲ್ವಾ?" ಎಂದರು.

"ಏನ್ ಬ್ರವ್, ಮೋಡಾನಾ? ಡವ್ ಮಾಡ್ತಿದೆ ಅಷ್ಟೇ, ಬರಲ್ಲ" ಎಂದರು ಟ್ರಿಂಡರ್. ಮೋಡದ ಮೇಲಿನ ತಿರಸ್ಕಾರಕ್ಕೆ ಚ್ಚ್ ಎಂದರು. ಹಲ್ಲಿನ ಸಾಲು ಕಳಚಿತು, ಮುಖದ ಎಡಭಾಗ ಜೋತುಬಿತ್ತು. ಒಂದು ಕಾಲು ಎಳೆಯುತ್ತಾ, ಒಂದು ಕೈ ಜೋಲಾಡಿಸುತ್ತಾ, ಅರ್ಧ ಮೊಟ್ಟೆಚಿಪ್ಪಿನೊಂದಿಗೆ ಮೆಟ್ಟಿಲಿಳಿದರು.

ಮಿಸೆಸ್ ಗ್ಯಾಸ್ಕಿನ್ ಪ್ರತಿ ಗುರುವಾರ ರಕ್ತದೊತ್ತಡ ತೋರಿಸಲು ಹೋಗುವವರು. ಅಲ್ಲಿಯ ಗೋಡೆಯ ಮೇಲೆ ಪಾರ್ಶ್ವವಾಯುವಿನ ಚಿತ್ರಪಟ ಇತ್ತು: ಮುಖ ಜೋತರೆ, ಕೈ ಜೋತರೆ, ಮಾತು ತೊದಲಿದರೆ ಕೂಡಲೇ ಕರೆ ಮಾಡಿ. ಮೂರೂ ಒಂದೇ ಮನುಷ್ಯನಲ್ಲಿ, ಒಂದೇ ಮೆಟ್ಟಿಲ ಮೇಲೆ, ಮೊಟ್ಟೆಚಿಪ್ಪಿನ ಸಮೇತ ಕಂಡಿದ್ದವು. ಬೇರೆ ದೇಶದಲ್ಲಾಗಿದ್ದರೆ ಹೆಂಗಸು 'ಯಾಕ್ರೀ ಹಿಂಗಾಡ್ತೀರಿ?' ಎಂದು ಕೇಳಿಬಿಡುತ್ತಿದ್ದಳು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಒಬ್ಬರ ಮುಖಕ್ಕೆ ಮುಖ ಕೊಟ್ಟು ಅವರ ಮುಖದ ಬಗ್ಗೆ ಕೇಳುವಷ್ಟು ಕೀಳು ಮನೆತನ ಗ್ಯಾಸ್ಕಿನ್ ಅವರದಲ್ಲ. ಒಳಗೆ ಹೋಗಿ ಗಿಲ್ಡ್‌ಫರ್ಡಿಗೆ ಫೋನ್ ಮಾಡಿದರು.

"ಹಿಲರಿ, ನಾನು ಮೂಗು ತೂರಿಸೋಳಲ್ಲ" ಎಂದು ಶುರು ಮಾಡಿ, ಮೂಗನ್ನು ಬುಡದ ತನಕ ತೂರಿಸಿದರು.

ಹಿಲರಿ ತಾನು ಕೆಲಸ ಮಾಡುವ ವಕೀಲರ ಕಚೇರಿಯಿಂದ ನೇರವಾಗಿ ಕಾರು ಓಡಿಸಿಕೊಂಡು ಬಂದಳು. ಅವಳು ಕೆಟ್ಟ ಮಗಳಲ್ಲ. ದಾರಿಯುದ್ದಕ್ಕೂ ಅತ್ತಿದ್ದಳು, ಕಣ್ಣಿನ ಕಪ್ಪು ಗಲ್ಲಕ್ಕಿಳಿದಿತ್ತು. ಬಾಗಿಲು ತೆರೆದ ತಂದೆ ಮುಷ್ಟಿ ಮುಂದೆ ಚಾಚಿ, ಅವಳ ಮುಷ್ಟಿಗೆ ಗುದ್ದಿಸಲು ಕಾದು ನಿಂತರು.

"ಡ್ಯಾಡ್, ಎರಡೂ ಕೈ ಮೇಲೆತ್ತಿ" ಎಂದಳು ಹಿಲರಿ, ಪಾರ್ಶ್ವವಾಯು ಬಡಿದಿದೆಯೇ ಎಂದು ನೋಡಲು.

ಮಗಳು ಆಟವಾಡುತ್ತಿದ್ದಾಳೆ ಎಂದು ಟ್ರಿಂಡರ್ ಅವರಿಗೆ ಖುಷಿಯಾಯಿತು. ಎಷ್ಟೋ ವರ್ಷಗಳ ನಂತರ ಆಟ. ಎರಡೂ ಕೈ ಎತ್ತಿ, ಬೆರಳು ಮಡಚಿ, ಸೊಂಟ ಓರೆ ಮಾಡಿ ಮೋಟುಗೋಡೆಯ ಭಂಗಿಯಲ್ಲಿ ನಿಂತರು. ಹಿಲರಿ ಆಂಬುಲೆನ್ಸ್ ಕರೆದಳು.

ಆಂಬುಲೆನ್ಸಿನಲ್ಲಿ ಬಂದ ಹುಡುಗಿ ಪಕ್ಕದ ಕೌನ್ಸಿಲ್ ವಸತಿಯವಳೇ. ಟ್ರಿಂಡರ್ ಅವರನ್ನು ಕೂರಿಸಿ, ನಿಲ್ಲಿಸಿ, ನಡೆಸಿ, ಕಣ್ಣಿಗೆ ದೀಪ ಬಿಟ್ಟು ನೋಡಿದಳು. ಇಬ್ಬರೂ ಬಹಳ ಹೊತ್ತು ಬಹಳ ಚೆನ್ನಾಗಿ ಮಾತಾಡಿಕೊಂಡರು.

"ಏನೂ ಆಗಿಲ್ವಲ್ಲ ಮೇಡಂ. ನೀಟಾಗಿ ಮಾತಾಡ್ತಿದಾರೆ" ಎಂದಳು.

"ನೀಟಾಗಾ?" ಹಿಲರಿಯ ದನಿ ಮೇಲೇರಿತು. "ಕಾಲು ಎಳೀತಿರೋದು ಕಾಣ್ತಿಲ್ವಾ ನಿಮಗೆ?"

"ನಮ್ಮಣ್ಣಾನೂ ಹಿಂಗೇ ನಡಿಯೋದು."

"ಅಯ್ಯೋ ಪಾಪ. ಯಾವಾಗಿಂದ?" ಎಂದು ಮಿಸೆಸ್ ಗ್ಯಾಸ್ಕಿನ್ ಬಾಗಿಲಲ್ಲಿ ನಿಂತೇ ಮರುಗಿದರು.

ಮಗಳ ಹಟಕ್ಕೆ ಆಸ್ಪತ್ರೆಗೆ ಒಯ್ದರು, ತಲೆಯನ್ನು ಯಂತ್ರದೊಳಗೆ ತೂರಿಸಿ ತೆಗೆದರು. ತಲೆ ಒಳಗೆ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ಟ್ರಿಂಡರ್ ಅವರಿಗೆ ಆಗಲೇ ಎಲ್ಲ ಅರ್ಥವಾಗಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹೇಳುವುದೇನೆಂದು? 'ಮಗಳೇ, ನಿಮ್ಮಮ್ಮ ಹೋದ ಮೇಲೆ ನನ್ನ ಹತ್ತಿರ ಯಾರೂ ಮಾತಾಡುತ್ತಿರಲಿಲ್ಲ, ಅದಕ್ಕೇ ಹುಡುಗರ ಮಾತು ಕಲಿತೆ' ಎಂದೇ? ಎದುರಿಗೆ ಕೂತ ಮಗಳ ಮುಖ ನೋಡಿಕೊಂಡು ಅಂಥ ಮಾತು ಆಡುವುದೆಂದರೆ ಕೆನ್ನೆಗೆ ಹೊಡೆದ ಹಾಗೆ. ಅದಕ್ಕಿಂತ ಹುಚ್ಚನೆನಿಸಿಕೊಳ್ಳುವುದು ಮರ್ಯಾದೆ ಎಂದು ಅವರಿಗೆ ಕಂಡಿತು. ಹಿಲರಿ "ಏನಾಗ್ತಿದೆ ಡ್ಯಾಡ್?" ಎಂದರೆ, "ಏನಿಲ್ಲ ಬ್ರವ್, ಎಲ್ಲಾ ಚಿಂದಿ" ಎಂದರು.

ಸ್ವಚ್ಛವಾದ ತಲೆ ರೋಗಕ್ಕಿಂತ ಭಯಂಕರ. ಅದನ್ನು ನೆನಪಿನ ಕಾಯಿಲೆಯ ಡಾಕ್ಟರ್ ಫೆನ್‌ವಿಕ್ ಅವರಿಗೆ ತೋರಿಸಬೇಕಾಯಿತು. ಫೆನ್‌ವಿಕ್ ಮೆತ್ತನೆಯ ಹೆಂಗಸು, ಮಾತೂ ಮೆತ್ತಗೆ. ಪ್ರಾಣಿಯೊಂದರ ಚಿತ್ರ ತೋರಿಸಿ ಇದೇನೆಂದು ಕೇಳಿದರು.

"ಒಂಟೆ, ಬ್ರವ್."

"ನೂರರಿಂದ ಏಳೇಳು ಕಳೀತಾ ಹೋಗ್ತೀರಾ?"

ಆಯುಷ್ಯವಿಡೀ ಚಿಲ್ಲರೆ ಎಣಿಸಿದ ಮನುಷ್ಯ. ಟ್ರಿಂಡರ್ ಸರಸರನೆ ಇಳಿದು, ಸೊನ್ನೆ ದಾಟಿ ಕೆಳಗೆ ನೆಲಮಾಳಿಗೆಗೂ ಹೊರಟರು. ಡಾಕ್ಟರೇ ಸಾಕು ಎನ್ನಬೇಕಾಯಿತು. "ಇಷ್ಟೇನಾ? ಡಬ್ಬಾ ಪರೀಕ್ಷೆ" ಎಂದು ಅವರು ಚ್ಚ್ ಎಂದಾಗ ಹಲ್ಲು ಕಳಚಿತು. ಡಾಕ್ಟರ್ ಫೆನ್‌ವಿಕ್ ಸಭ್ಯತೆಯಿಂದ ಕಿಟಕಿಯ ಕಡೆ ನೋಡಿದರು.

"ಎಲ್ಲಾ ಉತ್ತರ ಸರಿ ಇದೆ" ಎಂದರು ಆಮೇಲೆ ಹಿಲರಿಗೆ, ಟ್ರಿಂಡರ್ ಕೋಣೆಯಲ್ಲೇ ಇಲ್ಲವೆಂಬಂತೆ. "ಅದೇ ನನಗೆ ಚಿಂತೆ. ಬುದ್ಧಿ ಹಾಗೇ ಇದ್ದು ಸ್ವಭಾವ ಬದಲಾಗೋ ಕಾಯಿಲೆಗಳಿವೆ. ಮೊದಲು ಹೋಗೋದು ಸಂಕೋಚ. ಸುಮ್ಮನೆ ಇದ್ದವರು ಮಾತಿಗೆ ಶುರು ಮಾಡ್ತಾರೆ. ಗುರುತಿಲ್ಲದವರ ಜೊತೆ ನಗ್ತಾರೆ."

"ನಗ್ತಾರಂತೆ" ಎಂದಳು ಹಿಲರಿ ಕರ್ಚೀಫು ತೆಗೆಯುತ್ತಾ. "ಕಸದ ಕೋಣೆ ಹತ್ರ."

ಇಷ್ಟರಲ್ಲೇ ಮುಗಿದಿದ್ದರೆ ವಾರಕ್ಕೊಮ್ಮೆ ಯಾರೋ ಬಂದು ಮಾತ್ರೆ ಎಣಿಸಿ ಹೋಗುವ ಮಟ್ಟಿಗೆ ನಿಲ್ಲುತ್ತಿತ್ತು. ಆದರೆ ಗಾಯದ ಮೇಲೆ ಬರೆ ಎಂಬಂತೆ, ಮುಂದಿನ ಶನಿವಾರ ಹಿಲರಿ ಹೇಳದೆ ಕೇಳದೆ ಬಂದು ಬಾಗಿಲು ತಟ್ಟಿದಳು. ಟ್ರಿಂಡರ್ ಹಾಲು ತರಲು ಇಳಿದಿದ್ದರು. ಸೋಮವಾರದ ಸಂದರ್ಶನಕ್ಕೆ ತಾಲೀಮು ನಡೆಸುತ್ತಾ ಬೆರಿಲ್ ಕುರ್ಚಿಯಲ್ಲಿ ಕೂತಿದ್ದ ಕೆಜಿಯಾ ಎದ್ದು, ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಉಲಿದಳು:

"ಒಂದು ನಿಮಿಷ, ದಯವಿಟ್ಟು. ಮಿಸ್ಟರ್ ಟ್ರಿಂಡರ್ ಅವರು ಈಗ ಬರುತ್ತಾರೆ."

ಹಿಲರಿ ಗೋಡೆ ಹಿಡಿದುಕೊಂಡಳು. ಬಾಗಿಲ ಆಚೆಗೆ ಅವಳ ತಾಯಿ ಮಾತಾಡಿದ್ದಳು, ಮಣ್ಣು ಮಾಡಿ ಬಂದ ತಾಯಿ, ಅದೇ ಉಸಿರು, ಅದೇ 'ದಯವಿಟ್ಟು'. ಬಾಗಿಲು ತೆರೆದಾಗ ಅಲ್ಲಿ ಕೋಳಿ ಅಂಗಡಿಯ ಟೋಪಿ ಹಾಕಿದ ಹುಡುಗಿ ನಿಂತಿದ್ದಳು. ಹಿಲರಿ ಒಳಗೆ ಬರಲಿಲ್ಲ, ಹುಡುಗಿಯನ್ನು ಏನೂ ಕೇಳಲಿಲ್ಲ. ಕೆಳಗಿಳಿದು ಕಾರಿನಲ್ಲಿ ಕೂತು ಕೌನ್ಸಿಲ್‌ಗೆ ಫೋನ್ ಮಾಡಿದಳು.

ಕೌನ್ಸಿಲ್‌ನಿಂದ ಬಂದವರು ಮಿಸ್ಟರ್ ಹಾಲ್‌ಸ್ಟೆಡ್. ದಿಕ್ಕಿಲ್ಲದ ಮುದುಕರನ್ನು ಕಾಪಾಡುವುದೇ ಅವರ ಕೆಲಸ, ಕಾಪಾಡಿಸಿಕೊಳ್ಳಲು ಯಾರೂ ಸಿಕ್ಕದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಹಿಲರಿ ಹೇಳಿದ್ದನ್ನು ಕೇಳಿ ಅವರು ಕೈ ಕೈ ಉಜ್ಜಿಕೊಂಡರು.

"ಇದಕ್ಕೆ ನಮ್ಮಲ್ಲಿ ಕೋಗಿಲೆ ಕೆಲಸ ಅಂತಾರೆ, ಮೇಡಂ. ಕೋಗಿಲೆ ಇನ್ನೊಂದು ಹಕ್ಕಿ ಗೂಡಲ್ಲಿ ಮೊಟ್ಟೆ ಇಡಲ್ವಾ, ಹಾಗೆ. ಒಬ್ಬೊಂಟಿ ಮುದುಕರನ್ನ ಹುಡುಕಿ ಸ್ನೇಹ ಮಾಡ್ಕೊಳ್ತಾರೆ, ಮನೆ ಒಳಗೆ ಬರ್ತಾರೆ, ಆಮೇಲೆ ಮನೇನೇ ಅವರ ಅಡ್ಡಾ. ಮಾದಕ ಮದ್ದು, ಕಳ್ಳಮಾಲು, ಎಲ್ಲಾ ಮಾರೋದು ಅಲ್ಲಿಂದ್ಲೇ. ಆದ್ರೆ ಮುದುಕರಿಗೆ ತಮ್ಮ ಭಾಷೇನೇ ಕಲಿಸಿರೋದು, ಇದು ನಾನು ನೋಡ್ತಿರೋದು ಮೊದಲು. ಬಹಳ ಮುಂದುವರೆದ ಗುಂಪು."

ಕೌನ್ಸಿಲ್ ಕಚೇರಿಯಲ್ಲಿ ಸಭೆ ಸೇರಿತು. ಉದ್ದ ಮೇಜಿನ ಸುತ್ತ ಹಾಲ್‌ಸ್ಟೆಡ್, ಡಾಕ್ಟರ್ ಫೆನ್‌ವಿಕ್, ಹಿಲರಿ, ಮತ್ತು ನೆರೆಯವರ ಪರವಾಗಿ ಬಿಸ್ಕತ್ತಿನ ಡಬ್ಬ ತಂದಿದ್ದ ಮಿಸೆಸ್ ಗ್ಯಾಸ್ಕಿನ್. ಟ್ರಿಂಡರ್ ಅವರಿಗೆ ಚೆಲ್ಲದಿರಲೆಂದು ಅರ್ಧ ಕಪ್ ಟೀ ಕೊಟ್ಟಿದ್ದರು. ಎಲ್ಲರೂ ಅವರೊಂದಿಗೆ ಜೋರಾಗಿ, ನಿಧಾನವಾಗಿ ಮಾತಾಡಿದರು. ಮನೆಯ ವಿಚಾರ ಇವತ್ತು ತೀರ್ಮಾನವಾಗುತ್ತದೆಂದು ಹಾಲ್‌ಸ್ಟೆಡ್ ಎರಡು ಸಲ, ಒಂದೊಂದೇ ಪದ ಬಿಡಿಸಿ ಹೇಳಿದರು.

ಆಗ ಬಾಗಿಲು ತೆರೆದು ಕೆಜಿಯಾ ಬಂದಳು. ಕರೆದಿರಲಿಲ್ಲ; ರೀಸ್ ಎಲ್ಲಿಂದಲೋ ಸುದ್ದಿ ತಂದಿದ್ದ. ಅಮ್ಮನ ಚರ್ಚಿನ ಕೋಟು ಹಾಕಿ, ಕೂದಲು ಬಿಗಿದು ಕಟ್ಟಿದ್ದಳು.

"ಅಡ್ಡಿಪಡಿಸುತ್ತಿರುವುದಕ್ಕೆ ಕ್ಷಮಿಸಿ" ಎಂದಳು, ಫೋನಿನ ದನಿಯಲ್ಲಿ, ಒಂದು ಅಕ್ಷರವೂ ನುಂಗದೆ. "ಮಿಸ್ಟರ್ ಟ್ರಿಂಡರ್ ಅವರಿಗೆ ಯಾವ ಕಾಯಿಲೆಯೂ ಇಲ್ಲ. ಅವರು ನಮ್ಮ ಸ್ನೇಹಿತರು. ನಾವು ಅವರಿಂದ ಏನನ್ನೂ ಪಡೆದಿಲ್ಲ, ಅವರು ಹೇಳಿಕೊಟ್ಟ ಈ ಮಾತಿನ ಹೊರತು."

ಹಾಲ್‌ಸ್ಟೆಡ್ ಡಾಕ್ಟರ ಕಡೆ ಬಾಗಿ, ಎಲ್ಲರಿಗೂ ಕೇಳುವಷ್ಟು ಮೆತ್ತಗೆ ಹೇಳಿದರು: "ನೋಡಿದ್ರಾ? ಇಷ್ಟು ಸೊಗಸಾಗಿ ಮಾತಾಡೋ ಹುಡುಗಿ ಕಸದ ಕೋಣೆ ಹತ್ರ ಯಾಕೆ ಕೂತಿರ್ತಾಳೆ? ಯಾರನ್ನ ಬೇಕಾದ್ರೂ ನಂಬಿಸ್ತಾಳೆ ಇವಳು."

"ನಮ್ಮಮ್ಮನ ದನಿ ಕದ್ದಿದಾಳೆ" ಎಂದಳು ಹಿಲರಿ, ಮೇಜು ನೋಡುತ್ತಾ.

ಕೆಜಿಯಾಳ ತಾಳ್ಮೆ ಅಲ್ಲಿಗೆ ಹರಿಯಿತು. ಫೋನಿನ ದನಿ ಬಿದ್ದುಹೋಗಿ ಆರನೆಯ ಮಹಡಿಯ ದನಿ ಬಂತು. "ಕದಿಯೋಕ್ ಅದೇನ್ ಚಿನ್ನಾನಾ? ಮಾರ್ಚಿಂದ ಆ ಮನುಷ್ಯ ಗೋಡೆ ಜೊತೆ ಮಾತಾಡ್ಕೊಂಡ್ ಇದ್ರು. ಆಗ ಎಲ್ ಹೋಗಿದ್ರಿ ನೀವೆಲ್ಲಾ? ಈಗ ಬಂದು ಡವ್ ಮಾಡ್ತೀರಾ, ಬ್ರವ್?"

"ಹಾಂ" ಎಂದರು ಹಾಲ್‌ಸ್ಟೆಡ್ ತೃಪ್ತಿಯಿಂದ, "ಇದು ನಿಜವಾದ ದನಿ." ಇಬ್ಬರು ಕಾವಲಿನವರು ಬಂದು ಅವಳನ್ನು ಬಹಳ ಮರ್ಯಾದೆಯಿಂದ ಹೊರಗೆ ಕರೆದುಕೊಂಡು ಹೋದರು. ಚೆನ್ನಾಗಿ ಮಾತಾಡಿದರೆ ಮೋಸಗಾತಿ, ತನ್ನ ಹಾಗೆ ಮಾತಾಡಿದರೆ ಪೋಕರಿ; ಬಾಯಿ ತೆರೆದದ್ದೇ ಅವಳ ತಪ್ಪಾಯಿತು. ಬಾಗಿಲು ಮುಚ್ಚಿದ ಮೇಲೂ ಅವಳು ಅಂಕಲ್ ಅಂಕಲ್ ಎನ್ನುತ್ತಿದ್ದುದು ಕೇಳುತ್ತಿತ್ತು.

ಹಾಲ್‌ಸ್ಟೆಡ್ ಈಗ ಟ್ರಿಂಡರ್ ಕಡೆ ತಿರುಗಿದರು. ಇಷ್ಟು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆಯನ್ನು, ಕೆಲಸದ ಭಾಗವೆಂದು, ಅವರು ಕೇಳಿದರು. "ಮಿಸ್ಟರ್. ಟ್ರಿಂಡರ್. ಈ. ಹುಡುಗರು. ನಿಮ್ಮನ್ನ. ಹೇಗೆ. ಹಿಡಿದ್ರು?"

ಟ್ರಿಂಡರ್ ಕಪ್ಪು ಕೆಳಗಿಟ್ಟರು. ಮನೆ ಉಳಿಯಬೇಕಾದರೆ ಮಗಳೆದುರು ಆ ಮಾತನ್ನು ಆಡಲೇಬೇಕಿತ್ತು, ಇವರು ನಂಬುವ ದನಿಯಲ್ಲಿ ಆಡಬೇಕಿತ್ತು. ಹಲ್ಲಿನ ಸಾಲನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿಕೊಂಡು, ಬೆರಿಲ್ ಬದುಕಿದ್ದಾಗಿನಂತೆ ನೆಟ್ಟಗೆ ಕೂತರು.

"ಅವರು ನನ್ನ ಬಳಿಗೆ ಬಂದವರಲ್ಲ, ಮಿಸ್ಟರ್ ಹಾಲ್‌ಸ್ಟೆಡ್. ನಾನೇ ಅವರ ಬಳಿಗೆ ಹೋದೆ. ನನ್ನ ಹೆಂಡತಿ ತೀರಿಕೊಂಡ ನಂತರ ನನ್ನೊಂದಿಗೆ ಮಾತಾಡಿದವರು ಅವರು ಮಾತ್ರ. ಅವರಂತೆ ಮಾತಾಡಿದರೆ ಇನ್ನೂ ಸ್ವಲ್ಪ ಹೊತ್ತು ಮಾತಾಡುತ್ತಾರೆ ಎಂದು ಕಲಿತೆ. ಮಗಳಿಗೆ ನೋವಾಗಬಾರದೆಂದು ಹೇಳಿರಲಿಲ್ಲ. ನಾನು ನನ್ನ ಮನೆಯಲ್ಲೇ ಇರಬೇಕು."

ಹಿಲರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

"ಕೇಳಿದ್ರಾ?" ಎಂದಳು ಅವಳು. "ಕೇಳಿದ್ರಾ ಆ ದನೀನ? ಡ್ಯಾಡ್ ವಾಪಸ್ ಬಂದ್ರು. ಇದು ನಮ್ಮ ಡ್ಯಾಡ್."

"ಎಷ್ಟು ಸ್ಪಷ್ಟ" ಎಂದು ಮಿಸೆಸ್ ಗ್ಯಾಸ್ಕಿನ್ ಮೂಗು ಒರೆಸಿಕೊಂಡರು. "ರೇಡಿಯೋ ಕೇಳಿದ ಹಾಗಿತ್ತು." ಏನು ಹೇಳಿದರೆಂದು ಆಮೇಲೆ ಯಾರಾದರೂ ಕೇಳಿದ್ದರೆ ಪಾಪ, ಆಕೆಗೆ ಒಂದು ಪದವೂ ನೆನಪಿರಲಿಲ್ಲ.

ಡಾಕ್ಟರ್ ಫೆನ್‌ವಿಕ್ ತಲೆಯಾಡಿಸಿದರು. "ನಡುನಡುವೆ ಹೀಗೆ ತಿಳಿಯಾಗುತ್ತೆ. ಇಂಥ ಗಳಿಗೆ ಸಿಕ್ಕಾಗಲೇ ದೊಡ್ಡ ತೀರ್ಮಾನ ಅವರಿಂದಲೇ ಮಾಡಿಸ್ಬಿಡೋದು ಒಳ್ಳೇದು."

"ಒಂಟಿತನ ಅಂತ ಅವರೇ ಬಾಯಿಬಿಟ್ಟು ಹೇಳಿದಾರೆ" ಎಂದರು ಹಾಲ್‌ಸ್ಟೆಡ್. "ಲಾರೆಲ್ಸ್‌ನಲ್ಲಿ ಮನೆ ತುಂಬಾ ಜನ. ಮಿಸ್ಟರ್ ಟ್ರಿಂಡರ್, ಜೊತೆಗೆ ಜನ ಇದ್ರೆ ನಿಮಗೆ ಹಿತ ಅಲ್ವಾ? ನಿಮ್ಮ ಮಗಳ ಹತ್ರಾನೇ ಇರ್ತೀರಿ."

ಹಿಲರಿ ತಂದೆಯ ಕೈ ಹಿಡಿದುಕೊಂಡಿದ್ದಳು. ಎಷ್ಟೋ ವರ್ಷಗಳ ನಂತರ ಹಿಡಿದಿದ್ದಳು, ಬಿಡುತ್ತಿರಲಿಲ್ಲ. ಆ ಮುಖದ ಮೇಲಿನ ಸಂತೋಷ ನೋಡಿಕೊಂಡು 'ಬೇಡ' ಎನ್ನುವ ಪದ ಟ್ರಿಂಡರ್ ಅವರ ಎರಡು ನಾಲಿಗೆಗಳಲ್ಲಿ ಒಂದರಲ್ಲೂ ಸಿಕ್ಕಲಿಲ್ಲ. ಮೋಟುಗೋಡೆಯ ಹುಡುಗರಾಗಿದ್ದರೆ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದರು. ಆದರೆ ಟ್ರಿಂಡರ್ ಈಗ ಬೆರಿಲ್ ಕಲಿಸಿದ ದನಿಯಲ್ಲಿದ್ದರು.

"ನಿಮಗೆಲ್ಲ ತೊಂದರೆಯಾಗುವುದಿಲ್ಲವಾದರೆ..." ಎಂದರು.

ಆ ದೇಶದಲ್ಲಿ ಹಾಗೆಂದರೆ ಬೇಡ ಎಂದೇ ಅರ್ಥ. ಮೇಜಿನ ಸುತ್ತ ಕೂತ ಒಬ್ಬೊಬ್ಬರೂ ಆಯುಷ್ಯದಲ್ಲಿ ಸಾವಿರ ಸಲ ಬೇಡ ಎನ್ನುವುದಕ್ಕೆ ಅದನ್ನೇ ಬಳಸಿದವರು. ಹಾಲ್‌ಸ್ಟೆಡ್ ಅದನ್ನು ಒಪ್ಪಿಗೆಯೆಂದು ಬರೆದುಕೊಂಡರು. ಮಿಸೆಸ್ ಗ್ಯಾಸ್ಕಿನ್ ಬಿಸ್ಕತ್ತು ಹಂಚಿದರು.

ಸೆಪ್ಟೆಂಬರ್ ಮುಗಿಯುವುದರೊಳಗೆ ನಾಲ್ಕನೆಯ ಮಹಡಿಯ ಮನೆ ಬೇರೆಯವರಿಗೆ ಹೋಯಿತು. ಬೆರಿಲ್ ಪರದೆಗಳನ್ನು ಹಿಲರಿ ದಾನಕ್ಕೆ ಕೊಟ್ಟಳು.

ಲಾರೆಲ್ಸ್‌ನಲ್ಲಿ ತೋಟ ನಿಜವಾಗಿಯೂ ಚೆನ್ನಾಗಿತ್ತು. ಹಗಲುಕೋಣೆಯಲ್ಲಿ ಕುರ್ಚಿಗಳನ್ನು ಗೋಡೆಗೆ ಒತ್ತಿಸಿ ಸುತ್ತಲೂ ಹಾಕಿದ್ದರು, ಕೂತವರೆಲ್ಲ ಟಿವಿ ನೋಡುತ್ತಿದ್ದರು. ಟ್ರಿಂಡರ್ ಎಡಗಡೆಯವರಿಗೆ ಫೋನಿನ ದನಿಯಲ್ಲಿ ನಮಸ್ಕಾರ ಹೇಳಿದರು, ಆತನಿಗೆ ಕಿವಿ ಕೇಳುತ್ತಿರಲಿಲ್ಲ. ಬಲಗಡೆಯ ಹೆಂಗಸು ನಿದ್ದೆ ಮಾಡುತ್ತಿದ್ದಳು. ಟೀ ತಂದ ಹುಡುಗನ ಕತ್ತಿನ ಸರ, ಕೂದಲು ಕತ್ತರಿಸಿದ ರೀತಿ, ಆ ಒಂದು ಕಾಲು ತಗ್ಗಿಸುವ ನಡಿಗೆ ಕಂಡು ಟ್ರಿಂಡರ್ ಅವರ ಮುಖ ಅರಳಿತು.

"ಏನ್ ಬ್ರವ್, ಹೆಂಗಿದೆ ಸೀನು?" ಎಂದರು.

ಹುಡುಗನ ತುಟಿ ಅಲುಗಿತು. ಆದರೆ ಬಾಗಿಲಲ್ಲಿ ಮೇಲ್ವಿಚಾರಕಿ ನಿಂತಿದ್ದಳು. ಇಲ್ಲಿಯ ಹಿರಿಯರೊಂದಿಗೆ ಹೇಗೆ ಮಾತಾಡಬೇಕೆಂದು ಅವನಿಗೆ ಒಂದು ವಾರ ತರಬೇತಿ ಆಗಿತ್ತು. "ಸಕ್ಕರೆ. ಬೇಕಾ. ಸರ್?" ಎಂದು ಜೋರಾಗಿ, ನಿಧಾನವಾಗಿ ಕೇಳಿ, ಕಪ್ಪು ಇಟ್ಟು ಹೋದ.

ಅಕ್ಟೋಬರಿನಲ್ಲಿ ಕೆಜಿಯಾ ರೈಲು ಹಿಡಿದು, ಬಸ್ಸು ಹಿಡಿದು ಅಲ್ಲಿಗೆ ಬಂದಳು. ಹಲ್ಲಿನ ಡಾಕ್ಟರ ಶಾಪಿನ ಕೆಲಸ ಅವಳಿಗೆ ಸಿಕ್ಕಿತ್ತು, ಅದನ್ನು ಹೇಳಬೇಕಿತ್ತು. ಸ್ವಾಗತದ ಮೇಜಿನವಳು ಮನೆಯವರಿಗಷ್ಟೇ ಪ್ರವೇಶ ಎಂದು ಬಹಳ ವಿನಯದಿಂದ ತಿಳಿಸಿದಳು. ಕೋಳಿಯ ಡಬ್ಬವನ್ನಾದರೂ ಕೊಡಿ ಎಂದರೆ ಹೊರಗಿನ ಆಹಾರ ನಿಷೇಧ. ಟ್ರಿಂಡರ್ ಕಿಟಕಿಯಿಂದ ಅವಳನ್ನು ಕಂಡು ಗಾಜು ಬಡಿದರು, ಕೂಗಿದರು. ಮುದುಕರು ಬೀಳದಿರಲೆಂದು ಆ ಕಿಟಕಿಗಳನ್ನು ತೆರೆಯಲು ಬಾರದ ಹಾಗೆ ಬಿಗಿದಿದ್ದರು, ಗಾಜೂ ಎರಡು ಪದರದ್ದು. ಅವಳು ತಿರುಗಿ ನೋಡಲಿಲ್ಲ. ಇಬ್ಬರು ದಾದಿಯರು ಬಂದು ಟ್ರಿಂಡರ್ ಅವರನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದರು, ಸಂಜೆ ಅವರ ಮಾತ್ರೆ ಒಂದು ಹೆಚ್ಚಾಯಿತು.

ಕ್ರಿಸ್‌ಮಸ್ಸಿಗೆ ಮುಂಚೆ ಹಿಲರಿ ಫೋನ್ ಮಾಡಿ ಮೇಲ್ವಿಚಾರಕಿಯನ್ನು ವಿಚಾರಿಸಿದಳು.

"ತುಂಬಾ ಚೆನ್ನಾಗಿದಾರೆ" ಎಂದಳು ಮೇಲ್ವಿಚಾರಕಿ.

"ಆ ಮಾತು?" ಹಿಲರಿ ದನಿ ತಗ್ಗಿಸಿದಳು.

"ಪೂರ್ತಿ ನಿಂತುಹೋಗಿದೆ."

"ಈಗ ಹೇಗೆ ಮಾತಾಡ್ತಾರೆ?"

ಮೇಲ್ವಿಚಾರಕಿ ಸ್ವಲ್ಪ ಯೋಚಿಸಬೇಕಾಯಿತು. "ಮಾತಾಡಲ್ಲ. ಏನೂ ತೊಂದ್ರೆನೇ ಇಲ್ಲ. ಅವರಷ್ಟು ಚೆನ್ನಾಗಿ ಹೊಂದ್ಕೊಂಡವರು ನಮ್ಮಲ್ಲಿ ಇನ್ನೊಬ್ರಿಲ್ಲ."

ಹಿಲರಿಗೆ ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಯಿತು. ಮುಂದಿನ ಭಾನುವಾರ ಮಂಜು ಬೀಳದಿದ್ದರೆ ಬರುವುದಾಗಿ ಹೇಳಿ ಫೋನ್ ಇಟ್ಟಳು.